ಮಂಡಿಯೂರುವ ರಾಗ

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದಿಷ್ಟು ಅಂಟು. ನೀತಿ ಮೇಷ್ಟ್ರು ಬೆಳಿಗ್ಗೆ ಎದ್ದವರೇ ಹಾರ್ಮೋನಿಯಂನ ಹರಿದ ತಿದಿಗೆ ಚರ್ಮದ ತುಂಡು ಅಂಟಿಸುತ್ತ ಕೂತಿದ್ದರು. ಬೆರಳುಗಳೆಲ್ಲ ಒಂದಕ್ಕೊಂದು ಹತ್ತಿಕೊಂಡಿದ್ದ ಹೊತ್ತಿಗೇ ಫೋನು ಹೊಡೆದುಕೊಂಡಿತು. "ಇವಳೇ, ಸ್ವಲ್ಪ ಆ ಸ್ಪೀಕರ್ ಒತ್ತು," ಎಂದು ಹೆಂಡತಿಯನ್ನು ಕರೆದರು. ಅಂಟು ಇಲ್ಲದಿದ್ದರೆ ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಮಾತಾಡುತ್ತಿದ್ದರು, ಹೆಂಡತಿಗೆ ಏನೂ ಕೇಳಿಸುತ್ತಿರಲಿಲ್ಲ, ಈ ಕತೆಯೂ ಇರುತ್ತಿರಲಿಲ್ಲ.

"ಮೇಷ್ಟ್ರೇ, ಸಂಜೆ ಸನ್ಮಾನ ಪಕ್ಕಾ," ಎಂದಿತು ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಯ ದನಿ. "ಪದಕಕ್ಕೆ ಪಾಲಿಶ್ ಕೂಡ ಹಾಕ್ಸಿದೀವಿ. ಆದ್ರೆ ಒಂದು ಸಣ್ಣ ತೊಡಕು. ಮುಖ್ಯ ಅತಿಥಿಗಳು ರಿಟೈರ್ಡ್ ಜಡ್ಜು ನೋಡಿ, ಪದಕದ ಮೇಲೆ 'ನಾಟಕಗಳಿಂದ ಜನರನ್ನು ತಿದ್ದಿದವರು' ಅಂತ ಕೆತ್ತಿಸಿರೋದನ್ನ ಓದಿಬಿಟ್ಟು, 'ಯಾರನ್ನ ತಿದ್ದಿದಾರೆ? ಸಾಕ್ಷಿ ಎಲ್ಲಿ?' ಅಂತ ಹಟ ಹಿಡಿದಿದಾರೆ. ನಿಮ್ಮ ನಾಟಕ ನೋಡಿ ಸುಧಾರಿಸಿದವ್ರು ಒಬ್ಬರನ್ನ ಕರ್ಕೊಂಡು ಬನ್ನಿ. ವೇದಿಕೆ ಮೇಲೆ ಎರಡು ಮಾತಾಡಿದ್ರೆ ಸಾಕು. ನಿಮಗೇನು, ಬೇಕಾದಷ್ಟು ಜನ ಇರ್ತಾರೆ!"

"ಬೇಕಾದಷ್ಟು," ಎಂದರು ಮೇಷ್ಟ್ರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಾರ್ಮೋನಿಯಂ ನುಡಿಸುವುದರಿಂದ ಮೇಷ್ಟ್ರು, ಬರೆದ ನಾಟಕಗಳಲ್ಲೆಲ್ಲ ನೀತಿ ಸುರಿಸುವುದರಿಂದ ನೀತಿ ಮೇಷ್ಟ್ರು. ಕುಡಿತದ ವಿರುದ್ಧ, ಜೂಜಿನ ವಿರುದ್ಧ, ಹಗಲು ನಿದ್ದೆಯ ವಿರುದ್ಧ, ಪಕ್ಕದ ಮನೆ ಮಾತಿಗೆ ಕಿವಿಗೊಡುವುದರ ವಿರುದ್ಧ. ಮನುಷ್ಯ ಮಾಡಿ ಸಂತೋಷಪಡುವ ಯಾವ ಕೆಲಸವನ್ನೂ ಅವರು ಸುಮ್ಮನೆ ಬಿಟ್ಟಿರಲಿಲ್ಲ.

ನಾಟಕ ಯಾವುದಾದರೂ ಕೊನೆ ಮಾತ್ರ ಒಂದೇ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದು ರಾಗ ಎತ್ತುತ್ತಾರೆ, ಖಳನಾಯಕ ದೊಪ್ಪನೆ ಮಂಡಿಯೂರಿ, ಕೈಮುಗಿದು, ಮಾಡಿದ ಪಾಪವನ್ನೆಲ್ಲ ಒಪ್ಪಿಕೊಳ್ಳುತ್ತಾನೆ. ಈ ರಾಗಕ್ಕೆ ಇನ್ನೊಂದು ಉಪಯೋಗವೂ ಇತ್ತು. ನಡುವೆ ಯಾರಾದರೂ ಮಾತು ಮರೆತರೆ, ಪರದೆ ಸಿಕ್ಕಿಕೊಂಡರೆ, ಒಟ್ಟಿನಲ್ಲಿ ನಾಟಕ ಹಳಿ ತಪ್ಪಿತು ಅನ್ನಿಸಿದರೆ ಮೇಷ್ಟ್ರು ಉಳಿದ ಅಂಕಗಳನ್ನೆಲ್ಲ ಹಾರಿಸಿ ನೇರ ಆ ರಾಗಕ್ಕೆ ಬಂದುಬಿಡುತ್ತಿದ್ದರು. ಅದು ಕಿವಿಗೆ ಬಿದ್ದ ಕೂಡಲೇ ಖಳನಾಯಕ ಎಲ್ಲಿದ್ದರೂ ಓಡಿಬಂದು ಮಂಡಿಯೂರಬೇಕು. ಒಮ್ಮೆ ಅವನು ಒಂದು ಪಾಪವನ್ನೂ ಮಾಡುವ ಮೊದಲೇ ಪಶ್ಚಾತ್ತಾಪ ಪಟ್ಟಿದ್ದ. ಬೇಗ ಮನೆಗೆ ಹೋಗಲು ಸಿಕ್ಕಿತೆಂದು ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಮಂಡಿ ಹೇಗೆ ಊರಬೇಕೆಂದು ತಾಲೀಮಿನಲ್ಲಿ ಮೇಷ್ಟ್ರೇ ಊರಿ ಊರಿ ತೋರಿಸುತ್ತಿದ್ದುದರಿಂದ ಅವರ ಪ್ಯಾಂಟುಗಳೆಲ್ಲ ಮೊದಲು ಮಂಡಿಯಲ್ಲೇ ಹರಿಯುತ್ತಿದ್ದವು.

ಫೋನಿಟ್ಟ ಮೇಲೆ ಮೇಷ್ಟ್ರ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತರು.

"ಸಾಕ್ಷಿ ಬೇಕಂತೆ! ಇಷ್ಟು ವರ್ಷಕ್ಕೆ ಒಬ್ಬ ಮನುಷ್ಯ ಕೇಳಬೇಕಾದ್ದನ್ನ ಕೇಳ್ದ. ನೋಡ್ರೀ, ಒಂದು ಮಾತು. ನಿಮ್ಮಿಂದ ಸುಧಾರಿಸಿದವ್ನು ಒಬ್ಬ, ಒಬ್ಬೇ ಒಬ್ಬ ಇವತ್ತು ಸಿಕ್ಕಿದ್ರೆ ಈ ಪೆಟ್ಟಿಗೆ ಇಲ್ಲೇ ಇರ್ಲಿ. ನಿಮ್ಮ ಪಟಾಲಂಗೆ ನಾನು ಸಾಯೋ ತನಕ ಟೀ ಮಾಡ್ಕೊಡ್ತೀನಿ. ಸಿಗ್ಲಿಲ್ವೋ, ಇವತ್ತೇ ಇದು ಅಟ್ಟಕ್ಕೆ. ನಾಟಕಾನೂ ಬೇಡ, ತಾಲೀಮೂ ಬೇಡ. ನಮ್ಮಕ್ಕ ಕೊಟ್ಟಿದ್ದ ಗಾಜಿನ ಜಗ್ಗು ಹೋದಾಗ್ಲೇ ಮಾಡ್ಬೇಕಿತ್ತು."

ಜಗ್ಗಿನ ಮಾತು ಬಂದೊಡನೆ ಮೇಷ್ಟ್ರು ತಲೆ ತಗ್ಗಿಸಿ ಅಂಟು ಕೆರೆಯತೊಡಗಿದರು. ಹೋದ ತಿಂಗಳು ಮನೆಯಲ್ಲಿ ತಾಲೀಮು ನಡೆಯುವಾಗ ಆ ಜಗ್ಗು ಒಡೆದುಹೋಗಿ, ಅವರು ಖಳನಾಯಕನ ಪಾರ್ಟು ಮಾಡುವ ವಾಚ್ ರಿಪೇರಿಯವನ ಕಡೆ ಬೆರಳು ತೋರಿಸಿದ್ದರು. ಅಂದಿನಿಂದ ಆಕೆ ಅವನೊಬ್ಬನಿಗೆ ಕಿವಿ ಮುರಿದ ಕಪ್ಪಿನಲ್ಲಿ ಟೀ ಕೊಡುತ್ತಿದ್ದರು. ಎಲ್ಲರಿಗೂ ಹಿಡಿ ಇರುವ ಕಪ್ಪು, ಅವನಿಗೆ ಮಾತ್ರ ಕೈ ಸುಡುವ ಕಪ್ಪು.

"ಒಬ್ಬ ಯಾಕೆ, ಹತ್ತು ಜನ ತರ್ತೀನಿ," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಬಾಯಲ್ಲಿ ಹಾಗೆಂದರೂ ಎದೆಯಲ್ಲಿ ಮುಳ್ಳು ಮುರಿದ ಹಾಗಾಗಿತ್ತು. ಬೇರೆಯವರು ನಗಲಿ ಬಿಡಲಿ, ತನ್ನ ನಾಟಕ ನೋಡಿ ಎಲ್ಲೋ ಯಾರೋ ಒಬ್ಬ ಬಾಟಲಿ ಕೆಳಗಿಟ್ಟಿದ್ದಾನೆ ಎಂಬ ನಂಬಿಕೆಯ ಮೇಲೇ ಅವರು ಇಷ್ಟು ದಿನ ಬದುಕಿದ್ದು.

ಹೊಸಲು ದಾಟುವಷ್ಟರಲ್ಲಿ ಎದುರುಮನೆ ಕಂಡಕ್ಟರ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಜೊತೆಗೂಡಿದ. ಬಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಊರ ಜನರನ್ನು ಹತ್ತಿಸಿ ಇಳಿಸುವ ಚಪಲ ಅವನನ್ನು ಬಿಟ್ಟಿರಲಿಲ್ಲ.

"ಸ್ಪೀಕರ್ ಹಾಕಿದ್ರಲ್ಲ, ಎಲ್ಲಾ ಕೇಳಿಸ್ತು. ನಾನಿರೋವಾಗ ಯಾಕೆ ಚಿಂತೆ? ಮೊದಲ ಸ್ಟಾಪು ಕಟಿಂಗ್ ಶಾಪು. ರೈಟ್!"

ಕಟಿಂಗ್ ಶಾಪಿನವನು ಒಂದು ಕಾಲದಲ್ಲಿ ಪಕ್ಕಾ ಕುಡುಕ. ಈಗ ಕುಡಿಯುತ್ತಿರಲಿಲ್ಲ. ಮೇಷ್ಟ್ರಿಗೆ ಧೈರ್ಯವಿತ್ತು. ಯಾರದೋ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಅವನು ಇವರನ್ನು ಕಂಡು ಬ್ರಷ್ ಎತ್ತಿ ವಂದಿಸಿದ.

"ಕುಡಿಯೋದು ಬಿಟ್ಟೆಯಲ್ಲಪ್ಪಾ, ನನ್ನ ನಾಟಕ ನೋಡಿ ತಾನೆ?"

"ನಾಟಕಕ್ಕೂ ಅದಕ್ಕೂ ಸಂಬಂಧ ಇದೆ ಮೇಷ್ಟ್ರೇ, ಇಲ್ಲ ಅನ್ನಲ್ಲ," ಎಂದ ಕಟಿಂಗ್ ಶಾಪಿನವನು. "ನೀವು ದೊಡ್ಡವರು, ಮುಂದಿನ ಸಾಲಲ್ಲಿ ಕೂರಿಸ್ತಿದ್ರಿ. ಮಧ್ಯ ಎದ್ದು ಹೋಗೋಕಾಗ್ತಿರ್ಲಿಲ್ಲ. ಅದಕ್ಕೇ ಸ್ವಲ್ಪ ಹಾಕ್ಕೊಂಡು ಬರ್ತಿದ್ದೆ. ಆಮೇಲೆ ಡಾಕ್ಟ್ರು ಲಿವರ್ ನೋಡಿ, ಕುಡಿದ್ರೆ ಸಾಯ್ತೀಯ ಅಂದ್ರು. ಹಾಗಾದ್ರೆ ನಾಟಕ ಹೇಗಪ್ಪಾ ನೋಡೋದು ಅಂತ ಯೋಚನೆ ಮಾಡಿ, ಎರಡೂ ಬಿಟ್ಟೆ."

ಕುರ್ಚಿಯಲ್ಲಿದ್ದ ಗಿರಾಕಿ ನಗಲು ಹೋಗಿ ನೊರೆ ನುಂಗಿದ.

"ಪರವಾಗಿಲ್ಲ, ಮುಂದಿನ ಸ್ಟಾಪು ಬೇಕರಿ," ಎಂದು ಕಂಡಕ್ಟರ್ ಮೇಷ್ಟ್ರ ರಟ್ಟೆ ಹಿಡಿದು ಎಳೆದ.

ಬೇಕರಿ ಅಣ್ಣತಮ್ಮಂದಿರದು ಊರಿಗೇ ಗೊತ್ತಿರುವ ಕತೆ. ಹಾವು ಮುಂಗುಸಿಯಂತಿದ್ದವರು, ಅಂಗಡಿಯ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಒಬ್ಬ ಬ್ರೆಡ್ಡು, ಒಬ್ಬ ಬಿಸ್ಕತ್ತು ಮಾರುತ್ತಿದ್ದವರು, ಮೇಷ್ಟ್ರ 'ಒಂದೇ ತಟ್ಟೆ' ನಾಟಕ ನೋಡಿದ ಮಾರನೆಯ ದಿನವೇ ಹಲಗೆ ಕಿತ್ತಿದ್ದರು. ಇದಕ್ಕಿಂತ ಸಾಕ್ಷಿ ಬೇಕೆ?

"ನಿಮ್ಮ ನಾಟಕದಿಂದಾನೇ ಮೇಷ್ಟ್ರೇ, ಅದರಲ್ಲಿ ಎರಡು ಮಾತಿಲ್ಲ," ಎಂದ ಅಣ್ಣ. ಮೇಷ್ಟ್ರ ಕಣ್ಣು ತುಂಬಿ ಬಂತು. "ಅಲ್ಲೀತನಕ ನಾವಿಬ್ರೂ ಯಾವ ವಿಷಯಕ್ಕೂ ಒಪ್ಪಿದ್ದೇ ಇಲ್ಲ. ಅವತ್ತು ನಾಟಕ ಮುಗಿಸಿ ಬರ್ತಾ, ಇಂಥ ಶಿಕ್ಷೆ ಜನ್ಮದಲ್ಲಿ ಅನುಭವಿಸಿರ್ಲಿಲ್ಲ ಅಂದೆ. ಇವ್ನು, ಹೌದಣ್ಣಾ ಅಂದ. ಇವ್ನ ಬಾಯಲ್ಲಿ ಮೊದಲನೇ ಸಲ ಅಣ್ಣಾ ಅಂತ ಕೇಳಿದ್ದು! ಅಲ್ಲೇ ತಬ್ಕೊಂಡ್ವಿ."

"ಅದರಲ್ಲೂ ಆ ಎರಡನೇ ಅಂಕ..." ಎಂದ ತಮ್ಮ.

"ಎರಡನೇದಲ್ವೋ, ಮೂರನೇದು. ತಾಯಿ ಹಾಡ್ತಾಳಲ್ಲ, ಅದು."

"ತಾಯಿ ಹಾಡೋಷ್ಟೊತ್ತಿಗೆ ನೀನು ಗೊರಕೆ ಹೊಡೀತಿದ್ದೆ. ಎರಡನೇದೇ ಕೆಟ್ಟದ್ದು."

"ನಾನು ಗೊರಕೆ? ನಂಗೆ ಹೇಳ್ತೀಯೇನೋ?"

ಮೇಷ್ಟ್ರು ನಡುವೆ ಬಂದು, "ನೋಡಿ, ಎರಡೂ ಕೆಟ್ಟದ್ದೇ ಇರಬಹುದು," ಎಂದು ಸ್ವಂತ ಮಾನವನ್ನೇ ಒತ್ತೆಯಿಟ್ಟು ರಾಜಿ ಮಾಡಲು ನೋಡಿದರು. ಅಷ್ಟರಲ್ಲಿ ಅಣ್ಣ ಒಳಗಿನಿಂದ ಹಳೆಯ ಪ್ಲೈವುಡ್ ಹಲಗೆಯನ್ನು ಎಳೆದು ತರುತ್ತಿದ್ದ. ಇದ್ದ ಒಂದು ಸುಧಾರಣೆಯೂ ಕಣ್ಣೆದುರೇ ಕೆಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ರಸ್ತೆ ಬದಿಯ ಕಟ್ಟೆಯ ಮೇಲೆ ಕುಸಿದು ಕೂತರು. ಹಾರ್ಮೋನಿಯಂ ಅಟ್ಟದ ಕತ್ತಲಲ್ಲಿ ಹಳೇ ಟ್ರಂಕುಗಳ ನಡುವೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಕಂಡಕ್ಟರ್ ಪಕ್ಕದಲ್ಲಿ ಕೂತು ತೊಡೆ ತಟ್ಟಿದ.

"ಅಲ್ಲ ಮೇಷ್ಟ್ರೇ, ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ! ನಿಮ್ಮ ವಾಚ್ ರಿಪೇರಿಯವ್ನು ಪ್ರತಿ ನಾಟಕದಲ್ಲೂ ಸುಧಾರಿಸ್ತಾನೆ. ಇವತ್ತು ಒಂದ್ಸಲ ಜಾಸ್ತಿ ಸುಧಾರಿಸ್ಲಿ. ಬಣ್ಣ, ಮೀಸೆ ಇಲ್ಲದೆ ಅವನ ಗುರುತು ಯಾರಿಗೆ ಹತ್ತುತ್ತೆ? ಹಾಲ್ ಇರೋದು ಊರಿನ ಆ ಕೊನೇಲಿ."

"ಸುಳ್ಳು ಹೇಳ್ಸೋದಾ?" ಎಂದರು 'ಸುಳ್ಳಿನ ಬಾಲ' ನಾಟಕದ ಕರ್ತೃ.

"ಅಭಿನಯ ಅನ್ನಿ."

ಅಭಿನಯ ಎಂದ ಮೇಲೆ ಮೇಷ್ಟ್ರ ಆತ್ಮಸಾಕ್ಷಿ ಮಗ್ಗುಲು ಬದಲಾಯಿಸಿ ಮಲಗಿತು.

ವಾಚ್ ರಿಪೇರಿಯವನು ನಾಟಕದಲ್ಲಿ ಎಷ್ಟು ಕ್ರೂರಿಯೋ ಅಂಗಡಿಯಲ್ಲಿ ಅಷ್ಟೇ ಸಾಧು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂತಿದ್ದ. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ ಭೂತಗನ್ನಡಿ ತೆಗೆದ.

"ಕುಡುಕ ಆಗಿದ್ದೆ, ನಿಮ್ಮ ನಾಟಕ ನೋಡಿ ಬಿಟ್ಟೆ, ಅಷ್ಟು ತಾನೆ? ನೀವು ಬರೆದಿದ್ದನ್ನ ಯಾವತ್ತು ಇಲ್ಲ ಅಂದಿದೀನಿ ಅಣ್ಣಾ? ಆಯ್ತು. ಆದ್ರೆ ಒಂದು ಕೇಳ್ಲಾ? ಅತ್ತಿಗೆ ಯಾಕೆ ನಂಗೆ ಮಾತ್ರ ಆ ಕಿವಿ ಮುರಿದ ಕಪ್ಪಲ್ಲಿ ಟೀ ಕೊಡ್ತಾರೆ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಮೇಷ್ಟ್ರಿಗೆ ಕೆಮ್ಮು ಬಂತು. ತುಂಬ ಹೊತ್ತು ಹೋಗಲಿಲ್ಲ.

"ಮನೇಲಿ ಕಪ್ಪು ಕಮ್ಮಿ ಇದೆಯಪ್ಪಾ," ಎಂದರು ಕೊನೆಗೆ. "ಸಂಜೆ ಬೇಗ ಬಾ. ನಿನ್ನ ಹೆಂಡ್ತಿಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ."

ಅವನು ಯಾರಿಗೂ ಹೇಳಲಿಲ್ಲ. ಕಂಡಕ್ಟರ್ ಎಲ್ಲರಿಗೂ ಹೇಳಿದ. ನಿಜ ಸಂಗತಿಯನ್ನಲ್ಲ, ನಮ್ಮ ಬೀದಿಗೆ ಪದಕ ಬರುತ್ತಿದೆ ಎಂದು ಮಾತ್ರ. ಸಂಜೆಗೆ ಅವನೇ ಒಂದು ಬಸ್ಸು ನಿಲ್ಲಿಸಿ, "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ," ಎಂದು ಬೀದಿಗೆ ಬೀದಿಯನ್ನೇ ತುಂಬಿಸಿದ. ಕಟಿಂಗ್ ಶಾಪಿನವನು ಹತ್ತಿದ. ಮೇಷ್ಟ್ರ ಹೆಂಡತಿ, ಒಡವೆ ಅಂಗಡಿಗೆ ಹೊರಟವರ ಉತ್ಸಾಹದಲ್ಲಿ ಹತ್ತಿದರು. ಅವರ ಪಕ್ಕದ ಸೀಟಿನಲ್ಲಿ ವಾಚ್ ರಿಪೇರಿಯವನ ಹೆಂಡತಿ ಕೂತಳು.

ಹಾಲ್‌ನ ವೇದಿಕೆಯ ಮೇಲೆ ಜಡ್ಜ್ ಸಾಹೇಬರು ಕೂತಿದ್ದ ಭಂಗಿ ನೋಡಿಯೇ ಸಭಿಕರು ಕಾಲ ಮೇಲಿನ ಕಾಲು ತೆಗೆದಿದ್ದರು. ಕಾರ್ಯದರ್ಶಿ ಮೇಷ್ಟ್ರನ್ನು ಒಂದು ಮೂಲೆಯಲ್ಲಿ ಅವರದೇ ಹಾರ್ಮೋನಿಯಂ ಮುಂದೆ ಕೂರಿಸಿ, "ನಿಮ್ಮ ಸಾಕ್ಷಿ ಮಾತಾಡ್ತಿರೋವಾಗ ಹಿಂದೆ ಮೆಲ್ಲಗೆ ಏನಾದ್ರೂ ನುಡಿಸ್ತಿರಿ, ಎಫೆಕ್ಟ್ ಇರುತ್ತೆ," ಎಂದ. ಮೇಷ್ಟ್ರು ಸಂಜೆಯ ಹೊತ್ತಿಗೆ ಹೊಂದುವಂಥ ಒಂದು ತಿಳಿ ರಾಗ ಹಿಡಿದರು. ವಾಚ್ ರಿಪೇರಿಯವನು ಮೈಕಿನ ಮುಂದೆ ನಿಂತ.

"ನಾನು ಮಹಾ ಕುಡುಕನಾಗಿದ್ದೆ," ಎಂದು ಶುರುಮಾಡಿದ. ಚೆನ್ನಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಪದಕ ಕೈಯಲ್ಲಿತ್ತು. ಆದರೆ ಎದುರಿಗೆ ಮೈಕು, ಮೇಲೆ ದೀಪ, ಮುಂದೆ ತುಂಬಿದ ಸಭೆ. ಒಳಗಿದ್ದ ನಟ ಎದ್ದು ಕೂತ. "ಕುಡಿದು ಬಂದು ಮನೆಯ ಪಾತ್ರೆಗಳನ್ನೆಲ್ಲ ಬೀದಿಗೆ ಎಸೆಯುತ್ತಿದ್ದೆ! ಬಾಗಿಲು ತೆರೆಯಲು ತಡವಾದರೆ ನನ್ನ ಧರ್ಮಪತ್ನಿಯನ್ನು ಚಾವಟಿಯಿಂದ..."

"ಯಾವಾಗ?" ಎಂದು ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ ಎದ್ದಿತು. ವಾಚ್ ರಿಪೇರಿಯವನ ಹೆಂಡತಿ ಎದ್ದು ನಿಂತಿದ್ದಳು. "ಯಾವಾಗ ಹೊಡೆದ್ರಿ? ಚಾವಟಿ ಎಲ್ಲಿಂದ ಬಂತು? ಜಿರಲೆ ಹೊಡೀರಿ ಅಂದ್ರೆ ಮಂಚ ಹತ್ತಿ ನಿಲ್ತೀರಿ!"

ಸಭೆ ಗೊಳ್ಳೆಂದಿತು. ಜಡ್ಜ್ ಸಾಹೇಬರ ಹುಬ್ಬು ಮೇಲೇರಿತು. ವಾಚ್ ರಿಪೇರಿಯವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮಾತು ಮರೆತಿತ್ತು. ನಾಟಕ ಹಳಿ ತಪ್ಪಿತ್ತು.

ಮೇಷ್ಟ್ರ ಕೈಬೆರಳುಗಳು ಅವರನ್ನು ಒಂದು ಮಾತೂ ಕೇಳಲಿಲ್ಲ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಏನು ಮಾಡುತ್ತ ಬಂದಿದ್ದವೋ ಅದನ್ನೇ ಮಾಡಿದವು. ಹಾರ್ಮೋನಿಯಂನಿಂದ ಆ ರಾಗ ಹೊಮ್ಮಿತು.

ವಾಚ್ ರಿಪೇರಿಯವನು ದೊಪ್ಪನೆ ಮಂಡಿಯೂರಿದ.

"ಅಯ್ಯೋ ಪಾಪಿ ನಾನು!" ಎಂದು ಕೈಮುಗಿದ. "ಇನ್ನು ಮುಚ್ಚಿಡಲಾರೆ! ಇಗೋ, ಎಲ್ಲವನ್ನೂ ಹೇಳಿಬಿಡುತ್ತೇನೆ!" ಇಲ್ಲಿಯವರೆಗೆ ಮೇಷ್ಟ್ರು ಬರೆದ ಮಾತು. ಮುಂದಿನದು ನಾಟಕ ನಾಟಕಕ್ಕೆ ಬೇರೆ ಇರುತ್ತಿತ್ತು, ಇವತ್ತಿನದನ್ನು ಯಾರೂ ಬರೆದಿರಲಿಲ್ಲ. ಹಾಗಾಗಿ ಅವನ ಬಾಯಿಗೆ ಇದ್ದದ್ದೇ ಬಂತು. "ನಾನು ಕುಡುಕ ಅಲ್ಲ ಸ್ವಾಮೀ! ವಾಸನೆ ಬಂದ್ರೇನೆ ತಲೆ ತಿರುಗುತ್ತೆ. ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದು ಇದನ್ನೆಲ್ಲ ಹೇಳ್ಕೊಟ್ರು. ಚಾವಟಿ ಮಾತ್ರ ನಂದು. ಇನ್ನೂ ಹೇಳ್ತೀನಿ! ಕಂಡಕ್ಟರ್ ಸಾಹೇಬ್ರ ವಾಚು ಕೆಟ್ಟೇ ಇರ್ಲಿಲ್ಲ. ಕೀ ಕೊಟ್ಟಿರ್ಲಿಲ್ಲ ಅಷ್ಟೆ. ಹೊಸ ಪಾರ್ಟು ಹಾಕ್ದೆ ಅಂತ ಸುಳ್ಳು ಹೇಳ್ದೆ!"

"ಹೋಲ್ಡಾನ್!" ಎಂದು ಕಂಡಕ್ಟರ್ ಸಭೆಯಲ್ಲೇ ಕೂಗಿದ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು. ಆಗಬಾರದ್ದು ಆಗಿಹೋಗಿತ್ತು. ಮುಖ ಎಲ್ಲಿಡಬೇಕೆಂದು ತಿಳಿಯದೆ ತಿದಿಯ ಮೇಲಿನ ಬೆಳಗಿನ ತೇಪೆಯನ್ನೇ ನೋಡುತ್ತ ಕೂತರು.

ಜಡ್ಜ್ ಸಾಹೇಬರು ನಿಧಾನವಾಗಿ ಎದ್ದರು. ಕರ್ಚೀಪು ತೆಗೆದು ಕಣ್ಣೊರೆಸಿಕೊಂಡರು.

"ನನ್ನ ಇಡೀ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಆರೋಪಿ ತಾನಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ," ಎಂದರು ಮೈಕಿನಲ್ಲಿ. "ಕೇಳದೆ ಇದ್ದದ್ದನ್ನೂ ಒಪ್ಪಿಕೊಂಡದ್ದನ್ನಂತೂ ನೋಡೇ ಇಲ್ಲ. ಸಾಕ್ಷಿ ಕೇಳಿದ್ದೆ, ಕಣ್ಣಾರೆ ಕಂಡೆ. ಈ ಮೇಷ್ಟ್ರ ಸಂಗೀತ ಕೇಳಿದ ಕೂಡಲೇ ಒಬ್ಬ ಸುಳ್ಳುಗಾರ ಸತ್ಯವಂತನಾದ. ನಾಟಕದಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂಬುದು ಸಾಬೀತಾಗಿದೆ."

ಮೇಷ್ಟ್ರು ಮೆಲ್ಲಗೆ ತಲೆಯೆತ್ತಿದರು.

"ಆದರೆ ಸುಳ್ಳು ಸಾಕ್ಷಿ ಕಟ್ಟಿದವರಿಗೆ ಪದಕ ಕೊಡುವ ಹಾಗಿಲ್ಲ. ಪಾಪ, ಇವರು ತಮ್ಮ ನಾಟಕಗಳನ್ನು ಒಂದು ಸಲ ಮುಂದೆ ಕೂತು ನೋಡಬೇಕಿತ್ತು."

ಪದಕ ವಾಚ್ ರಿಪೇರಿಯವನ ಕೊರಳಿಗೆ ಬಿತ್ತು. 'ನಾಟಕಗಳಿಂದ ಜನರನ್ನು ತಿದ್ದಿದವರು' ಎಂಬ ಕೆತ್ತನೆಯ ಬಗ್ಗೆ ಕಾರ್ಯದರ್ಶಿ ಏನೋ ಗೊಣಗಿದಾಗ, "ತನ್ನನ್ನು ತಾನೇ ತಿದ್ದಿಕೊಂಡಿದ್ದಾನೆ, ಅವನೂ ಜನರಲ್ಲಿ ಒಬ್ಬ," ಎಂದು ಜಡ್ಜ್ ಸಾಹೇಬರು ತೀರ್ಪು ಕೊಟ್ಟುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಮೇಷ್ಟ್ರನ್ನು ಮಾತಾಡಿಸಲಿಲ್ಲ. ಮನೆ ಸೇರಿ ಅವರು ಹಾರ್ಮೋನಿಯಂ ಕೆಳಗಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ನಿಂತರು. ಅಟ್ಟದ ಬಾಗಿಲು ಮೇಲಿನಿಂದ ಅವರನ್ನೇ ನೋಡುತ್ತಿತ್ತು.

"ಏನು ಹಾಗೆ ನಿಂತ್ರಿ?" ಎಂದರು ಹೆಂಡತಿ. ದನಿಯಲ್ಲಿ ಬೆಳಗಿನ ಖಾರವಿರಲಿಲ್ಲ. "ಮಾನ ಹೋಯ್ತು, ಸರಿ. ಆದ್ರೆ ಒಬ್ಬ ಸುಧಾರಿಸಿದ್ದಂತೂ ನಿಜ. ಸಭೆ ಎದುರಿಗೇ ಸುಧಾರಿಸ್ದ. ನಾನು ಕೊಟ್ಟ ಮಾತು ಮಾತೇ. ಪೆಟ್ಟಿಗೆ ಇಲ್ಲೇ ಇರ್ಲಿ."

ಮೇಷ್ಟ್ರಿಗೆ ನಂಬಲಾಗಲಿಲ್ಲ. ಪದಕ ಹೋದರೆ ಕತ್ತೆಬಾಲ ಹೋಯಿತು! ಹಾರ್ಮೋನಿಯಂ ಉಳಿಯಿತು, ತಾಲೀಮು ಉಳಿಯಿತು, ಮೇಲೆ ಬದುಕಿರುವ ತನಕ ಟೀ. ಅವರಿಗೆ ಹೆಂಡತಿಯ ಮೇಲೆ ಮದುವೆಯಾದ ಹೊಸದರಲ್ಲಿ ಇದ್ದಂಥ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಬಾಗಿಲಲ್ಲಿ ವಾಚ್ ರಿಪೇರಿಯವನು ಕಾಣಿಸಿಕೊಂಡ. ಕೊರಳಲ್ಲಿ ಪದಕ, ಮುಖದಲ್ಲಿ ಅಪರಾಧ. ಅವನ ಹಿಂದೆ, ಯಾರ ಹಿಂದೆ ನೋಡಿದರೂ ಇರುವ ಹಾಗೆ, ಕಂಡಕ್ಟರ್.

"ಅಣ್ಣಾ, ಬೇಕು ಅಂತ ಮಾಡಿದ್ದಲ್ಲ. ರಾಗ ಬಂತು, ಮಂಡಿ ಹೋಯ್ತು."

"ಬಿಡಪ್ಪಾ, ಬಾ ಕೂತ್ಕೋ," ಎಂದರು ಮೇಷ್ಟ್ರು ಉದಾರವಾಗಿ. "ಇವಳೇ, ಎಲ್ಲರಿಗೂ ಟೀ!"

ಟೀ ಬಂತು. ಸತ್ಯವಂತನಾದರೂ ಜಗ್ಗು ಜಗ್ಗೇ. ವಾಚ್ ರಿಪೇರಿಯವನಿಗೆ ಕಿವಿ ಮುರಿದ ಕಪ್ಪೇ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಸುಟ್ಟು, ನೆಲಕ್ಕಿಟ್ಟು, ಬೆರಳು ತಣ್ಣಗಾಗಲೆಂದು ಪಕ್ಕದಲ್ಲಿದ್ದ ಹಾರ್ಮೋನಿಯಂ ಮೇಲಿಟ್ಟ. ಇಟ್ಟ ಬೆರಳು ಸುಮ್ಮನಿರಲಿಲ್ಲ. ಮುಚ್ಚಳ ಸರಿಸಿ, ಒಂದು ಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದರ ಒಂಟಿ ಬೆರಳಿನಲ್ಲಿ ತನಗೆ ಗೊತ್ತಿದ್ದ ಒಂದೇ ರಾಗವನ್ನು ಹುಡುಕಿ ಹುಡುಕಿ ನುಡಿಸಿದ.

ಪ್ರತಿ ತಾಲೀಮಿನಲ್ಲೂ ಮಂಡಿಯೂರಿ ತೋರಿಸುತ್ತಿದ್ದವರು ಯಾರು? ಪಾಠ ಕಲಿತವನ ಮಂಡಿಗಿಂತ ಚೆನ್ನಾಗಿ ಅದು ಕಲಿಸಿದವರ ಮಂಡಿಗೆ ಹತ್ತಿತ್ತು. ಮೇಷ್ಟ್ರು ಕುರ್ಚಿಯಿಂದ ಜಾರಿ ಹೆಂಡತಿಯ ಎದುರಿಗೆ ದೊಪ್ಪನೆ ಊರಿದರು. ಕೈಗಳು ಮುಗಿದುಕೊಂಡವು. ಬಾಯಿ ಮುಚ್ಚಿಕೊಳ್ಳಬೇಕೆಂದು ಅವರು ಮಾಡಿದ ಪ್ರಯತ್ನವೆಲ್ಲ ಕಣ್ಣಿನಲ್ಲಿ ಕಾಣುತ್ತಿತ್ತು.

"ಅಯ್ಯೋ ಪಾಪಿ ನಾನು! ಇನ್ನು ಮುಚ್ಚಿಡಲಾರೆ! ಇಗೋ, ಎಲ್ಲವನ್ನೂ ಹೇಳಿಬಿಡುತ್ತೇನೆ! ನಿಮ್ಮಕ್ಕ ಕೊಟ್ಟ ಜಗ್ಗು ಒಡೆದಿದ್ದು ಇವನಲ್ಲ ಕಣೇ. ನಾನೇ! ಹಾಡಿನ ಜೋರಲ್ಲಿ ಕೈ ಬೀಸ್ದೆ!"

ಹಾರ್ಮೋನಿಯಂ ನಿಂತಿತು. ಮೇಷ್ಟ್ರ ಹೆಂಡತಿ ಅಡುಗೆಮನೆಗೆ ಹೋಗಿ ಬಂದರು. ವಾಚ್ ರಿಪೇರಿಯವನ ಮುಂದಿದ್ದ ಟೀಯನ್ನು ಚೆನ್ನಾಗಿರುವ ಒಂದು ಕಪ್ಪಿಗೆ ಬಗ್ಗಿಸಿ, ಸಾಸರ್ ಸಮೇತ ಅವನ ಕೈಗೆ ಕೊಟ್ಟರು. ಆಮೇಲೆ ಕಂಡಕ್ಟರನ ಕಡೆ ತಿರುಗಿ ಏಣಿ ತರಲು ಹೇಳಿದರು.

"ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ... ರೈಟ್!" ಎಂದು ಕಂಡಕ್ಟರ್ ಕೆಳಗಿನಿಂದ ಕೂಗುತ್ತಿದ್ದ. ಪದಕದವನು ಅಟ್ಟದ ಬಾಗಿಲಲ್ಲಿ ನಿಂತು ಹಾರ್ಮೋನಿಯಂ ಒಳಗೆ ತಳ್ಳಿದ.

ಅದೆಲ್ಲ ಮುಗಿದ ಮೇಲೆ ಮೇಷ್ಟ್ರಿಗೂ ಟೀ ಬಂತು. ಅವರು ಹಿಡಿ ಹುಡುಕಿದರು. ಕಪ್ಪಿಗೆ ಕಿವಿ ಇರಲಿಲ್ಲ.